ಎದೆಮಟ್ಟ

ನನ್ನ ಅಮ್ಮಿ ಐದಡಿಯೂ ಇರಲಿಲ್ಲ. ಕೊಟ್ಟೂರಿನ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಡಬ್ಬಿ ಇಳಿಸಬೇಕಾದರೆ ಅಣ್ಣನನ್ನೇ ಕೂಗಬೇಕು. ಲಾರಿ ಮೆಕ್ಯಾನಿಕ್ ಅವನು, ಬಾಗಿಲಿಗೆ ತಲೆ ಬಗ್ಗಿಸಿ ಬರುವ ಆಳು. ಆದರೆ ಅಮ್ಮಿ ಬಾಯಿ ತೆರೆದರೆ ಅಂಥ ಅಣ್ಣನೂ ತೆಪ್ಪಗಾಗುತ್ತಿದ್ದ.

ನಮ್ಮಲ್ಲಿ ಗಂಡಸರ ಗೋರಿಯನ್ನು ನಡುಮಟ್ಟ ತೋಡುತ್ತಾರೆ, ಹೆಂಗಸರದನ್ನು ಎದೆಮಟ್ಟ. ಯಾಕೆಂದು ಚಿಕ್ಕವಳಿದ್ದಾಗ ಅಮ್ಮಿಯನ್ನು ಕೇಳಿದ್ದೆ. ಅವಳ ತವರು ಗುಡೇಕೋಟೆ. ಸಂಜೆಯಾದರೆ ಅಲ್ಲಿ ಗುಡ್ಡದಿಂದ ಕರಡಿ ಇಳಿಯುತ್ತವೆ.

"ನರಿ, ಕರಡಿ ಕೆದರಬಾರದಂತ ಹಿರೇರು ಆಳಕ್ಕ ತೋಡ್ತಿದ್ರಂತ. ಹೆಂಗಸರ ಮರ್ಯಾದಿ ಅಂತ ಅವರಿಗೆ ಇನ್ನಷ್ಟು ಆಳ" ಎಂದವಳು ಹಾಗೇ ರೇಗಿದಳು. "ಬದುಕಿದ್ದಾಗ ಒಳಮನಿ, ಸತ್ತ ಮ್ಯಾಲೂ ಇನ್ನೊಂದು ಗೇಣು ಒಳಗ! ನಂಗ ನಡುಮಟ್ಟ ಸಾಕು. ಉಸಿರು ಕಟ್ಟತೈತಿ."

ಸತ್ತವರಿಗೆ ಎಲ್ಲಿಯ ಉಸಿರು ಎಂದು ನಾವು ನಕ್ಕೆವು. ಅಮ್ಮಿ ನಗಲಿಲ್ಲ. ಚಳಿಯಲ್ಲೂ ಬಾಗಿಲು ಓರೆ ಮಾಡಿಯೇ ಮಲಗುತ್ತಿದ್ದವಳು ಅವಳು.

ಹೋದ ಚಳಿಗಾಲದಲ್ಲಿ ಅಮ್ಮಿ ತೀರಿಕೊಂಡಳು. ಹೆಂಗಸರು ಖಬರಸ್ತಾನಕ್ಕೆ ಹೋಗುವ ಹಾಗಿಲ್ಲ. ಗೋರಿ ತೋಡಲು ಹೊರಟ ಅಣ್ಣನನ್ನು ಹೊಸ್ತಿಲಲ್ಲೇ ತಡೆದೆ.

"ಅಣ್ಣ, ನಡುಮಟ್ಟ ಸಾಕು ಅಂದಿದ್ಲು."

"ಹಿರೇರು ಒಪ್ಪಂಗಿಲ್ಲ, ಬಿಡು" ಎಂದು ಹೋಗಿಬಿಟ್ಟ. ಅಮ್ಮಿ ಕೇಳಿದ್ದು ಅದೊಂದೇ. ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು.

ಅಮ್ಮಿಯನ್ನು ಒಯ್ಯಲು ಅವನು ಮರಳಿ ಬಂದಾಗ ನಾನು ಮುಖ ನೋಡಲಿಲ್ಲ, ಅಂಗಿ ನೋಡಿದೆ. ಗುಂಡಿಯಲ್ಲಿ ನಿಂತು ಅಳತೆ ಕೊಟ್ಟವನು ಅವನೇ. ಕೆಂಪು ಮಣ್ಣು ನಡುವಿನ ತನಕ ಮಾತ್ರ ಹತ್ತಿತ್ತು.

"ಹಿರೇರು ಏನಂದ್ರು?"

"ಎದಿಮಟ್ಟ ಅಂದ್ರು. ಹೂಂ ಅಂದೆ. ಯಾರ ಎದಿ ಅಂತ ಯಾರೂ ಹೇಳಲಿಲ್ಲ. ಅಮ್ಮಿ ಎದಿಮಟ್ಟಕ್ಕ ತೋಡೋದು ನಿಲ್ಲಿಸಿದೆ." ತನ್ನ ಎದೆ ಮುಟ್ಟಿ ತೋರಿಸಿದ. "ಅಕಿ ತಲಿ ನನಗ ಇಲ್ಲೀತನಕ ಬರತಿತ್ತಲ್ಲ."

ಈದ್ ದಿನ ಅವನನ್ನು ಅಪ್ಪಿಕೊಂಡಾಗ ಅಮ್ಮಿ ತಲೆಯಿಡುತ್ತಿದ್ದ ಜಾಗ ಅದು. ನಾನೂ ಅವಳಷ್ಟೇ ಗಿಡ್ಡಿ. ಅಲ್ಲೇ ತಲೆಯಿಟ್ಟು ಅತ್ತೆ.

ಈಗಲೂ ಅಮ್ಮಿ ಬೇಕು ಎನಿಸಿದರೆ ತಡೆಯಲಾಗುವುದಿಲ್ಲ, ಗ್ಯಾರೇಜಿಗೆ ಹೋಗುತ್ತೇನೆ. ಅಣ್ಣ ನಟ್ಟು ತಿರುವುವ ಪಾನಾ ಕೆಳಗಿಟ್ಟು, ಕೈಯ ಗ್ರೀಸು ಒರೆಸಿಕೊಂಡು, ನೆಟ್ಟಗೆ ನಿಲ್ಲುತ್ತಾನೆ.