ಅರ್ಧ ಎತ್ತರದ ಹಂಸ

2022ರಲ್ಲಿ ನಾನು ನಾರಾಯಣಪೇಟೆಯ ಒಂದು ನೇಕಾರಿಕೆ ವಿನ್ಯಾಸ ಕೇಂದ್ರದಲ್ಲಿ ತಾಂತ್ರಿಕ ಸಹಾಯಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಹೆಸರಿಗೆ ತಾಂತ್ರಿಕ ಸಹಾಯಕ. ಪ್ರಿಂಟರಿಗೆ ರಿಬ್ಬನ್ ಹಾಕುವುದರಿಂದ ಹಿಡಿದು ಸಾಹೇಬರ ಮೊಬೈಲಿನಲ್ಲಿ ಜಾಗ ಖಾಲಿ ಮಾಡಿಕೊಡುವವರೆಗೆ ಎಲ್ಲವೂ ನನ್ನ ತಲೆಗೇ ಕಟ್ಟಿತ್ತು. ಆ ವರ್ಷ ನಡೆದ ಒಂದು ಪ್ರಸಂಗ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಸಿಟ್ಟು ಸಾಹೇಬರ ಮೇಲೂ ಇದೆ, ನನ್ನ ಮೇಲೂ ಇದೆ. ಯಾರ ಪಾಲು ಹೆಚ್ಚೆಂಬುದನ್ನು ಓದಿದವರೇ ತೀರ್ಮಾನಿಸಲಿ.

ಮೊದಲು ಕೆಲಸದ ಬಗ್ಗೆ ಎರಡು ಮಾತು. ಸೀರೆಯ ಸೆರಗಿನಲ್ಲಿ ಹಂಸವೋ ಮಾವಿನಕಾಯಿಯೋ ಮೂಡಬೇಕಾದರೆ ಅದನ್ನು ಮೊದಲು ಚೌಕುಳಿ ಕಾಗದದ ಮೇಲೆ ಬರೆಯುತ್ತಾರೆ. ಇದಕ್ಕೆ ಗ್ರಾಫ್ ಎನ್ನುತ್ತಾರೆ. ಒಂದು ಚೌಕ ಎಂದರೆ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ, ಒಂದು ಎಳೆ. ಒಂದು ಅಡ್ಡ ಸಾಲು ಎಂದರೆ ಹೊಕ್ಕಿನ, ಅಂದರೆ ಅಡ್ಡ ಹಾಯುವ, ಒಂದು ಎಳೆ. ಪ್ರತಿ ಸಾಲಿಗೂ ತೂತು ಹೊಡೆದ ಒಂದು ರಟ್ಟಿನ ಕಾರ್ಡು ತಯಾರಾಗುತ್ತದೆ. ಮಗ್ಗದ ಮೇಲಿನ ಜಕಾರ್ಡ್ ಪೆಟ್ಟಿಗೆ ಆ ಕಾರ್ಡಿನ ತೂತುಗಳ ಪ್ರಕಾರ ಯಾವ ಎಳೆ ಎತ್ತಬೇಕು, ಯಾವುದು ಬಿಡಬೇಕು ಎಂದು ನೋಡಿಕೊಳ್ಳುತ್ತದೆ. ಕಾರ್ಡಿಗೆ ತೂತು ಹೊಡೆಯುವಾಗ ಮನೆಯಲ್ಲಿ ಒಬ್ಬರು ಗ್ರಾಫನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಹೊಡೆಯುತ್ತಾರೆ.

ಈ ಓದುವ ಕೆಲಸದಲ್ಲಿ ಕಣ್ಣು ಹಾಳಾಗುತ್ತದೆ. ಚೌಕಗಳು ಎಳ್ಳಿನಷ್ಟು ಚಿಕ್ಕವು. ಅದನ್ನು ನೋಡಿ ನನಗೊಂದು ಉಪಾಯ ಹೊಳೆಯಿತು. ಫೋಟೊವನ್ನು ಅಕ್ಷರಗಳ ಚಿತ್ರವನ್ನಾಗಿ ಮಾಡುವ ಪ್ರೋಗ್ರಾಮುಗಳು ಹಿಂದಿನಿಂದಲೂ ಇವೆ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ, ಅಂದರೆ ಕಮಾಂಡ್ ಲೈನಿನಲ್ಲಿ, ಫೋಟೊದ ಹೆಸರು ಮತ್ತು ಅಗಲ ಎಷ್ಟು ಅಕ್ಷರ ಎಂಬುದನ್ನು ಬರೆದು ಎಂಟರ್ ಒತ್ತಿದರೆ ಸಾಕು. ಪ್ರೋಗ್ರಾಮು ಫೋಟೊವನ್ನು ಅಷ್ಟಕ್ಕೆ ಕುಗ್ಗಿಸಿ, ಕಪ್ಪಿರುವ ಕಡೆ ಒಂದು ಗುರುತು, ಬೆಳ್ಳಗಿರುವ ಕಡೆ ಚುಕ್ಕೆ ಇಡುತ್ತದೆ. ನಾನೇ ಅಂಥದ್ದೊಂದು ಸ್ಕ್ರಿಪ್ಟ್ ಬರೆದೆ. ಒಂದು ಸಾಲು ಹೀಗಿರುತ್ತಿತ್ತು:

....###..##

ಓದುವವರು ಇದನ್ನು "ನಾಕು ಬಿಡು, ಮೂರು ಎತ್ತು, ಎಲ್ಡು ಬಿಡು, ಎಲ್ಡು ಎತ್ತು" ಎಂದು ಓದಿಬಿಡಬಹುದು. ಹಳೆಯ ಪ್ರಿಂಟರಿನಲ್ಲಿ ದಪ್ಪ ಅಕ್ಷರದಲ್ಲಿ ಮುದ್ರಿಸಿದರೆ ಕನ್ನಡಕವೂ ಬೇಡ. ನಮ್ಮ ಸಾಹೇಬರಿಗೆ ತೋರಿಸಿದೆ. ಅವರು ಹಿಗ್ಗಿ ಹೀರೇಕಾಯಿಯಾದರು. ಒಂದೇ ಒಂದು ಗೇಣು ಬಟ್ಟೆ ನೇಯ್ದು ನೋಡುವ ಮೊದಲೇ "ಪ್ರಯೋಗ ಯಶಸ್ವಿ" ಎಂದು ಹೈದರಾಬಾದಿನ ಮುಖ್ಯ ಕಚೇರಿಗೆ ವರದಿ ಕಳಿಸಿಬಿಟ್ಟರು.

ಪ್ರಯೋಗಕ್ಕೆ ಸಿಕ್ಕವರು ಗದ್ವಾಲದ ಶಂಕರಮ್ಮ. ಐವತ್ತರ ಹತ್ತಿರದ ಹೆಂಗಸು. ಇಪ್ಪತ್ತೆರಡು ವರ್ಷದಿಂದ ಗ್ರಾಫ್ ಬರೆಯುತ್ತಿದ್ದರು. ಬರೆದದ್ದೆಲ್ಲ ಭಾವನ ಹೆಸರಿನಲ್ಲಿ ಹೊರಗೆ ಹೋಗುತ್ತಿತ್ತು. ಸೀರೆ ಕೊಂಡವರು, ಮೆಚ್ಚಿದವರು ಎಲ್ಲರೂ ಭಾವನಿಗೇ ಕೈ ಮುಗಿದು ಹೋಗುತ್ತಿದ್ದರು. ಆ ವರ್ಷ ವಿನ್ಯಾಸಗಾರರಿಗೆ ಗುರುತಿನ ಕಾರ್ಡು ಕೊಡುವ ಪರೀಕ್ಷೆ ಬಂತು. ಅದಕ್ಕೆ ಹಿಂದಿನ ಪರೀಕ್ಷೆ ಯಾವಾಗ ನಡೆದಿತ್ತೆಂದು ನನಗೇ ನೆನಪಿರಲಿಲ್ಲ. ಪಾಸಾದರೆ ಶಂಕರಮ್ಮನ ಗ್ರಾಫ್ ಶಂಕರಮ್ಮನ ಹೆಸರಿನಲ್ಲೇ ಹೋಗುತ್ತದೆ. ಅಷ್ಟಕ್ಕಾಗಿ ಆಕೆ ಭಾವನೊಂದಿಗೆ ಮಾತು ಬಿಟ್ಟು ಅರ್ಜಿ ಹಾಕಿದ್ದರು.

ಪರೀಕ್ಷೆಯಲ್ಲಿ ಎರಡು ಹಂತ. ಮೊದಲು ಬೇರೆಯವರು ಬರೆದ ಕಾಗದ ಓದಿ ನೇಯಬೇಕು. ಅದರಲ್ಲಿ ಪಾಸಾದವರು ಸ್ವಂತ ಗ್ರಾಫ್ ಬರೆಯಬೇಕು. ಉಳಿದವರಿಗೆ ಕೈಯಲ್ಲಿ ಬರೆದ ಹಳೆಯ ಗ್ರಾಫ್ ಸಿಕ್ಕಿತು. ಶಂಕರಮ್ಮನಿಗೆ ಸಾಹೇಬರು ನನ್ನ ಕಾಗದ ಕೊಡಿಸಿದರು. ಆಕೆಯ ತಾಯಿಯ ಕಾಲದ ಜೀರ್ಣವಾದ ಸೆರಗಿನಲ್ಲಿದ್ದ ಒಂದು ಹಂಸದ ಫೋಟೊ ತೆಗೆದು, ಅಗಲ ನೂರಿಪ್ಪತ್ತು ಎಂದು ಬರೆದು, ಎಂಟರ್ ಒತ್ತಿದೆ. ಕತ್ತೆತ್ತಿ ನಿಂತ ಹಂಸ ಪರದೆಯ ಮೇಲೆ ಬಂತು. ಎಷ್ಟು ಚೆನ್ನಾಗಿತ್ತೆಂದರೆ ನಾನೇ ಅದರ ಫೋಟೊ ಹೊಡೆದುಕೊಂಡೆ.

ಮೂರನೇ ದಿನ ಶಂಕರಮ್ಮನ ಫೋನ್ ಬಂತು.

"ಸರ್, ಅಗಲಕ್ಕ ನೂರಾ ಇಪ್ಪತ್ತು ಎಳಿ ಐತ್ರಿ. ಸಾಲು ಎಣಿಸಿದ್ರ ಅರವತ್ತಾ ಅದಾವ. ಎತ್ತರಕ್ಕ ಸಾಲಂಗಿಲ್ರಿ."

"ಕಾಗದದಾಗ ಹಂಸ ನೆಟ್ಟಗ ಕಾಣ್ತೈತಿಲ್ಲೊ?"

"ಕಾಣ್ತೈತ್ರಿ. ಎಣಿಸಿದ್ರ ಮಾತ್ರ ಸಾಲಂಗಿಲ್ಲ."

"ಕಂಪ್ಯೂಟರ್ ಎಣಿಸೈತವ್ವಾ, ಅದು ತಪ್ಪಂಗಿಲ್ಲ. ಇದ್ದಂಗ ನೇಯಿ" ಎಂದು ಫೋನ್ ಇಟ್ಟೆ. ಮರುದಿನ ಆಕೆ ಮತ್ತೆ ಮಾಡಿದರು. ನಾನು ಅದೇ ಮಾತನ್ನು ಇನ್ನಷ್ಟು ಗಡುಸಾಗಿ ಹೇಳಿದೆ. ಎರಡು ಸಲವೂ ಅದೇ ಕಾಗದದ ಇನ್ನೊಂದು ಪ್ರತಿ ನನ್ನ ಮೇಜಿನ ಮೇಲೆಯೇ ಇತ್ತು. ಎಣಿಸಲು ಎರಡು ನಿಮಿಷ ಸಾಕಾಗಿತ್ತು.

ಅನುಮಾನವಿದ್ದರೆ ಆಕೆಯೇ ಸರಿಮಾಡಿಕೊಳ್ಳಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲ. ನೇಕಾರರ ಮನೆಗಳಲ್ಲಿ ಒಂದು ಕಟ್ಟುಪಾಡು ಇದೆ. ಬರೆದವರ ಕಾಗದಕ್ಕೆ ಓದುವವರು ಕೈ ಹಚ್ಚುವುದಿಲ್ಲ. ಅನುಮಾನ ಬಂದರೆ ಬರೆದವರನ್ನು ಕೇಳಬೇಕು. ಬರೆದವರು ಇರುವಂತೆಯೇ ಇರಲಿ ಎಂದರೆ ಅಲ್ಲಿಗೆ ಮುಗಿಯಿತು. ತಪ್ಪೆಂದು ಕಂಡರೂ ಹಾಗೆಯೇ ನೇಯಬೇಕು. ಶಂಕರಮ್ಮ ಕೇಳಿದರು, ನೇಯ್ದರು. ಅವರ ಓರಗಿತ್ತಿ ಓದಿದಳು, ಇವರು ತೂತು ಹೊಡೆದರು. ಅರವತ್ತು ಸಾಲಿಗೆ ಅರವತ್ತೇ ಕಾರ್ಡು.

ಪರೀಕ್ಷೆಯ ದಿನ ಗದ್ವಾಲದ ನೇಕಾರರ ಸೊಸೈಟಿಯ ಹಾಲಿನಲ್ಲಿ ಎಲ್ಲರೂ ಸೇರಿದ್ದರು. ಪರೀಕ್ಷಾ ಸಮಿತಿಯ ಅಧ್ಯಕ್ಷರು ವೀರಭದ್ರಪ್ಪ, ಎಪ್ಪತ್ತು ದಾಟಿದ ಹಿರಿಯ ನೇಕಾರ. ಶಂಕರಮ್ಮ ಸೆರಗು ಬಿಡಿಸಿದರು. ಯಾರೋ ಮೇಲಿನಿಂದ ಕೈಯಿಟ್ಟು ಅಮುಕಿದ ಹಾಗೆ ಹಂಸ ಅಡ್ಡಡ್ಡ ಹರಡಿ ಕೂತಿತ್ತು. ಕುತ್ತಿಗೆಯೇ ಇರಲಿಲ್ಲ.

"ಇದೇನವ್ವಾ, ಹಂಸೋ ಬಾತುಕೋಳಿಯೋ?" ಎಂದರು ವೀರಭದ್ರಪ್ಪ. ಹಾಲಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಸಾಹೇಬರು.

"ಕಾಗದದಾಗ ಇದ್ದಂಗ ನೇಯ್ದೀನ್ರಿ."

"ಬರದವರನ್ನ ಕೇಳಿದ್ಯೇನು?"

"ಎಲ್ಡ್ ಸಲ ಕೇಳೀನ್ರಿ."

"ಏನಂದ್ರು?"

ಶಂಕರಮ್ಮ ನನ್ನ ಕಡೆ ನೋಡಿದರು. ಹೆಸರು ಹೇಳಲಿಲ್ಲ. ನಾನೇ ಹೇಳುತ್ತೇನೆಂದು ಕಾದರು. ನಾನು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತಿದ್ದೆ. ಅಷ್ಟರಲ್ಲಿ ಸಾಹೇಬರು ನನ್ನ ಕಾಗದವನ್ನು ಎತ್ತಿ ಹಿಡಿದು, "ನೋಡ್ರಿ, ಕಾಗದದಾಗ ಎಷ್ಟ್ ಚಂದ ಐತಿ. ಈಕೀಗೆ ಓದಾಕ ಬರಂಗಿಲ್ಲ, ಅಷ್ಟ" ಎಂದವರೇ, ಅದು ಅಧ್ಯಕ್ಷರ ಕೈಗೆ ಹೋಗುವ ಮೊದಲೇ ಮಡಚಿ ಬ್ಯಾಗಿಗೆ ಹಾಕಿದರು. ಶಂಕರಮ್ಮನ ಹೆಸರಿನ ಮುಂದೆ "ಗ್ರಾಫ್ ಓದಲು ಬಾರದು" ಎಂದು ಬರೆಯಲಾಯಿತು. ಮರುದಿನ ಬೆಳಿಗ್ಗೆ ಪಟ್ಟಿಗೆ ಸಹಿ ಬೀಳುವುದಿತ್ತು. ಇಪ್ಪತ್ತೆರಡು ವರ್ಷ ಗ್ರಾಫ್ ಬರೆದ ಹೆಂಗಸಿಗೆ ಓದಲು ಬಾರದು!

ನಾನು ಬಸ್ ಹತ್ತಿದೆ. ಜುರಾಲಾ ಅಣೆಕಟ್ಟು ದಾಟುವಾಗಲೂ ಆ ಚಪ್ಪಟೆ ಹಂಸವೇ ಕಣ್ಣ ಮುಂದೆ. ಅದರ ಎತ್ತರ ಸರಿಯಾಗಿ ಅರ್ಧ ಆಗಿತ್ತು. ಓದುವುದರಲ್ಲಿ ತಪ್ಪಿದರೆ ಅಲ್ಲೊಂದು ಇಲ್ಲೊಂದು ಎಳೆ ತಪ್ಪುತ್ತದೆ, ಲೆಕ್ಕ ಹಾಕಿದಂತೆ ಅರ್ಧ ಆಗುವುದಿಲ್ಲ. ಮಕ್ತಲ್‌ನಲ್ಲಿ ನಾರಾಯಣಪೇಟೆಯ ಬಸ್ಸಿಗಾಗಿ ಇಳಿದವನು ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ.

ತಪ್ಪು ಒಂದೇ ಸಾಲಿನಲ್ಲಿತ್ತು. ಪರದೆಯ ಮೇಲಿನ ಅಕ್ಷರ ಚೌಕವಲ್ಲ. ಅದರ ಎತ್ತರ ಅಗಲದ ಎರಡರಷ್ಟು. ಆದ್ದರಿಂದ ಚಿತ್ರ ಉದ್ದಕ್ಕೆ ಎಳೆದಂತೆ ಕಾಣದಿರಲೆಂದು ಇಂಥ ಪ್ರೋಗ್ರಾಮುಗಳಲ್ಲಿ ಸಾಲುಗಳ ಸಂಖ್ಯೆಯನ್ನು ಅರ್ಧ ಮಾಡುತ್ತಾರೆ. ನಾನೂ ಎರಡನೇ ಯೋಚನೆಯಿಲ್ಲದೆ ಅದನ್ನೇ ಮಾಡಿದ್ದೆ. ಪರದೆಗೆ ಅದು ಸರಿ. ಆದರೆ ಆ ಸೆರಗಿನಲ್ಲಿ ಹಾಸೂ ಹೊಕ್ಕೂ ಅಂಗುಲಕ್ಕೆ ಹೆಚ್ಚುಕಡಿಮೆ ಸಮ. ಮಗ್ಗಕ್ಕೆ ನೂರಿಪ್ಪತ್ತು ಸಾಲು ಬೇಕಿತ್ತು. ಶಂಕರಮ್ಮ ಹೇಳಿದ್ದೂ ಅದನ್ನೇ. ನಾರಾಯಣಪೇಟೆಯ ಬಸ್ಸು ಬಂತು, ಹೋಯಿತು, ನಾನು ಏಳಲಿಲ್ಲ. ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಎನ್ನಿಸಿತು.

ಸಾಹೇಬರಿಗೆ ಫೋನ್ ಮಾಡಿದೆ. ತಪ್ಪು ನನ್ನದು, ಪಟ್ಟಿ ತಿದ್ದಿಸಬೇಕು ಎಂದೆ.

"ಸುಮ್ಮನಿರೋ ಮಾರಾಯ! ವರದಿ ಹೋಗೇತಿ. ಆಕಿ ಮುಂದಿನ ಸಲ ಬರ್ತಾಳ. ವರದಿ ವಾಪಸ್ ತರಾಕ ಬರ್ತೈತೇನು?"

"ಮುಂದಿನ ಸಲ ಯಾವಾಗ್ರಿ?"

"ಅದು ನನಗೇನ್ ಗೊತ್ತು?"

ಆಗ ಹತ್ತಿದ ಸಿಟ್ಟು ನನ್ನ ಇಡೀ ನೌಕರಿಯಲ್ಲಿ ಹತ್ತಿರಲಿಲ್ಲ. ಇನ್ನೊಬ್ಬರ ಬದುಕಿನ ಮೇಲೆ ಕಾಲಿಟ್ಟು ನಿಂತು ತನ್ನ ಕಾಗದ ಕೊಳೆಯಾಗಬಾರದೆನ್ನುವ ಜನ! ಅವರ ಪಕ್ಕದ ಕುರ್ಚಿಯಲ್ಲೇ ಬಾಯಿ ಮುಚ್ಚಿ ಕೂತಿದ್ದವನು ನಾನು ಎಂಬುದು ನೆನಪಾಗಿ ಅದು ಇನ್ನೂ ಏರಿತು. ನನ್ನ ಚೀಲದಲ್ಲಿದ್ದ ಆ ಇನ್ನೊಂದು ಪ್ರತಿಯ ಬಿಳಿ ಬೆನ್ನಿನ ಮೇಲೆ ಅಲ್ಲೇ ಬರೆದೆ: ಕಾಗದದಲ್ಲಿ ಸಾಲುಗಳು ಅರ್ಧಕ್ಕೆ ಇಳಿದದ್ದು ನನ್ನ ತಪ್ಪು, ಅಭ್ಯರ್ಥಿ ಎರಡು ಸಲ ಎಚ್ಚರಿಸಿದ್ದರು, ನಾನು ಎಣಿಸಿ ನೋಡದೆ ನಿರಾಕರಿಸಿದೆ. ಸಹಿ ಹಾಕಿದೆ. ಎದುರು ದಿಕ್ಕಿನ ಬಸ್ ಹಿಡಿದು ಮತ್ತೆ ಗದ್ವಾಲಕ್ಕೆ ಹೋದೆ.

ಸಂಜೆಯ ಹೊತ್ತಿಗೆ ವೀರಭದ್ರಪ್ಪನವರು ಇನ್ನೂ ಹಾಲಿನಲ್ಲೇ ಇದ್ದರು. ಪತ್ರ ಕೊಟ್ಟೆ. ಅವರು ಓದಿ, ಕಾಗದ ತಿರುಗಿಸಿ, ಸೂಜಿ ತೆಗೆದು ಹಿಂಬದಿಯ ಹಂಸದ ಒಂದೊಂದೇ ಸಾಲು ಎಣಿಸಿದರು. ಅರವತ್ತಕ್ಕೆ ಸೂಜಿ ನಿಂತಿತು.

"ಆ ಹೆಣಮಗಳು ಎಲ್ಡ್ ಸಲ ಕೇಳ್ಯಾಳ. ಎಣಿಸಾಕ ನಿನಗೇನ್ ಧಾಡಿ ಆಗಿತ್ತು?" ಎಂದರು. "ನಿನ್ನ ಸಲುವಾಗಿ ನಾನೂ ನಾಕು ಮಂದ್ಯಾಗ ಆಕೀನ್ನ ನಗಸಾಟಿ ಮಾಡಿದೆ."

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಸಾಹೇಬರು ಪತ್ರ ಹಿಂದಕ್ಕೆ ತೆಗೆದುಕೋ ಎಂದು ಕೂಗಾಡಿದರು. ನಾನು ಅದರ ಪ್ರತಿಯನ್ನು ಇನ್‌ವರ್ಡ್ ರಿಜಿಸ್ಟರಿನಲ್ಲಿ ಹತ್ತಿಸಿ, ನಂಬರು ಬೀಳುವವರೆಗೂ ಅಲ್ಲಿಂದ ಕದಲಲಿಲ್ಲ. ಅದಕ್ಕೆ ಬಹುಮಾನವಾಗಿ ಉಳಿದ ಎರಡು ವರ್ಷ ದಾಸ್ತಾನು ಕೋಣೆಯಲ್ಲಿ ಕಳೆದೆ. ಇರಲಿ. ವೀರಭದ್ರಪ್ಪನವರು ಪಟ್ಟಿಗೆ ಸಹಿ ಹಾಕದೆ ಶಂಕರಮ್ಮನಿಗೆ ಎಂಟು ದಿನ ಕೊಟ್ಟರು. ಅದೇ ಹಂಸ, ಆದರೆ ಗ್ರಾಫ್ ಆಕೆಯ ಕೈಯದೇ; ಎರಡು ಹಂತಕ್ಕೂ ಅದೊಂದೇ ಸಾಕೆಂದರು. ಒಂಬತ್ತನೇ ದಿನ ಅದೇ ಹಾಲಿನಲ್ಲಿ ಹಂಸ ನೂರಿಪ್ಪತ್ತು ಸಾಲಿನ ಎತ್ತರಕ್ಕೆ ಕತ್ತೆತ್ತಿ ನಿಂತಿತು. ಈ ಸಲ ಯಾರೂ ನಗಲಿಲ್ಲ. ಕಾರ್ಡು ಶಂಕರಮ್ಮನ ಹೆಸರಿಗೆ ಬಂತು.

ಕ್ಷಮೆ ಕೇಳಲು ಮನೆಗೆ ಹೋದೆ. ಆಕೆ ಮಗ್ಗದಿಂದ ಇಳಿಯಲಿಲ್ಲ.

"ತಪ್ಪು ಎಲ್ಲಾರೂ ಮಾಡ್ತಾರ್ರಿ, ಅದಕ್ಕ ಸಿಟ್ಟಿಲ್ಲ. ನಾನು ಎಣಿಸಿ ಹೇಳಿದ್ದೆ. ನೀವು ಎಣಿಸದ ಇಲ್ಲ ಅಂದ್ರಿ. ಅದಕ್ಕ ಸಿಟ್ಟು. ಇನ್ನಾ ಹೋಗಿಲ್ರಿ" ಎಂದು ಲಾಳಿ ಎಸೆದರು. ನಾನು ಎದ್ದು ಬಂದೆ.

ದಾಸ್ತಾನು ಕೋಣೆಯಲ್ಲಿ ಕೂತು ಸ್ಕ್ರಿಪ್ಟ್ ತಿದ್ದಿದೆ. ಈಗ ಅದು ಅಂಗುಲಕ್ಕೆ ಹಾಸು ಎಷ್ಟು, ಹೊಕ್ಕು ಎಷ್ಟು ಎಂದು ಕೇಳದೆ ಮುಂದಕ್ಕೆ ಹೋಗುವುದಿಲ್ಲ. ಪರದೆಯ ಮೇಲೆ ಹಂಸ ಉದ್ದುದ್ದಕ್ಕೆ ಎಳೆದಂತೆ ಕಾಣುತ್ತದೆ, ಕಾಣಲಿ. ಎಷ್ಟೋ ವರ್ಷ ಕಂಪ್ಯೂಟರಿನ ಮುಂದೆ ಕೂತು ನಾನು ಕಲಿಯದ ಪಾಠವನ್ನು ಆ ಎರಡು ಫೋನ್ ಕರೆಗಳು ಕಲಿಸಿದವು. ಎಣಿಸಿದವರು ಒಂದು ಮಾತು ಹೇಳಿದರೆ, ನಾವೂ ಎಣಿಸಿ ನೋಡಿಯೇ ಉತ್ತರ ಕೊಡಬೇಕು. ಅದಕ್ಕಾಗಿ ಪ್ರತಿ ಕಾಗದದ ಕೆಳಗೆ "ಎಣಿಸಿದವರು" ಎಂದು ಒಂದು ಖಾಲಿ ಜಾಗ ಮುದ್ರಣವಾಗುವಂತೆ ಮಾಡಿದೆ. ನೇಯುವವರು ಅಲ್ಲಿ ಸಹಿ ಹಾಕದೆ ಒಂದು ಕಾಗದವೂ ಕಾರ್ಡು ಹೊಡೆಯಲು ಹೋಗುವಂತಿಲ್ಲ. ಮೊದಲ ಕಾಗದ ಹಿಡಿದು ನಾನೇ ಗದ್ವಾಲಕ್ಕೆ ಹೋದೆ. ಶಂಕರಮ್ಮ ಪೆನ್ನು ಇಸಿದುಕೊಂಡು ಪಕ್ಕಕ್ಕಿಟ್ಟರು, ಕಾಗದ ಹಾಸಿದರು, ಮೊದಲ ಸಾಲಿನ ಮೇಲೆ ಬೆರಳಿಟ್ಟರು. ನೂರಿಪ್ಪತ್ತನೆಯ ಸಾಲಿನವರೆಗೂ ನಾನು ನಿಂತೇ ಇದ್ದೆ.