ಹನ್ನೊಂದು ಮೆಕ್ಯಾನಿಕ್‌ಗಳ ಜಾಗದಲ್ಲಿ ಒಬ್ಬಳು

ಆ ಊರಿನ ಅರ್ಧ ಜನಕ್ಕೆ ಆಕೆಯ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಲಿಫ್ಟ್ ರಿಪೇರಿ ಕಂಪನಿಯೊಂದರಲ್ಲಿ ದೂರು ಬರೆದುಕೊಳ್ಳುವ ಮೇಜಿನ ಹಿಂದೆ ಇಪ್ಪತ್ತಾರು ವರ್ಷದಿಂದ ಕೂತಿದ್ದವಳು. ಫೋನ್ ಎತ್ತಿ "ಹಲೋ, ಹೇಳಿ" ಅನ್ನುವ ಆಕೆಯ ಧಾಟಿ ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಕೆಲಸದವರಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರಿಗೂ ಆಕೆ 'ಹಲೋ ಅಕ್ಕ'. ಬಾಗಿಲು ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ, "ಕಿರ್ ಅನ್ನತ್ತಾ, ಕಟಕಟ ಅನ್ನತ್ತಾ?" ಎಂದು ಕೇಳುತ್ತಿದ್ದಳು. ಕಿರ್ ಅಂದರೆ ಹಳಿಯಲ್ಲಿ ಕಸ, ಕಟಕಟ ಅಂದರೆ ಬಾಗಿಲಿನ ಸ್ವಿಚ್ ಸವೆದಿದೆ. ಹೊರಡುವ ಮೆಕ್ಯಾನಿಕ್‌ನ ಚೀಟಿಯಲ್ಲಿ ರೋಗದ ಜೊತೆ ಮದ್ದನ್ನೂ ಬರೆದು ಕಳಿಸುತ್ತಿದ್ದಳು. ಅದು ತಪ್ಪುತ್ತಿದ್ದುದು ಅಪರೂಪ.

ಹಾಗಂತ ಲಿಫ್ಟಿನ ಹೊಟ್ಟೆಯೊಳಗೆ ಏನಿದೆ ಎಂದು ಆಕೆ ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಮನೆ ನೆಲಮಹಡಿಯಲ್ಲಿ, ಕಚೇರಿಯೂ ನೆಲಮಹಡಿಯಲ್ಲಿ. ಎಲ್ಲಾದರೂ ಮೇಲೆ ಹೋಗಬೇಕಾದರೆ ಮೆಟ್ಟಿಲೇ ಗತಿ. ಬಾಗಿಲು ಮುಚ್ಚಿದ ಪುಟ್ಟ ಪೆಟ್ಟಿಗೆಯೊಳಗೆ ನಿಲ್ಲುವುದೆಂದರೆ ಆಕೆಗೆ ಜೀವ ಬಾಯಿಗೆ ಬರುತ್ತಿತ್ತು.

ಯುದ್ಧ ಶುರುವಾದಾಗ ಕಂಪನಿಯಲ್ಲಿ ಹನ್ನೊಂದು ಮೆಕ್ಯಾನಿಕ್‌ಗಳಿದ್ದರು. ಆರು ತಿಂಗಳಲ್ಲಿ ಮುಗಿಯುತ್ತದೆ ಎಂದಿದ್ದ ಯುದ್ಧ ನಾಲ್ಕನೇ ವರ್ಷಕ್ಕೆ ಕಾಲಿಟ್ಟಿತು. ಮೊದಲು ಮೂವತ್ತರ ಒಳಗಿನವರನ್ನು ಕರೆದರು, ನಾಲ್ವರು ಹೋದರು. ಆಮೇಲೆ ನಲವತ್ತರ ಒಳಗಿನವರು. ಆಮೇಲೆ ಐವತ್ತು. ಆ ಐವತ್ತರ ಸುತ್ತಿನಲ್ಲಿ ಹಲೋ ಅಕ್ಕನ ಗಂಡನೂ ಹೋದ. ಬಸ್ ಡ್ರೈವರ್ ಆಗಿದ್ದ ಆತ ಈಗ ರಣರಂಗದ ಹಿಂದಿನ ಯಾವುದೋ ರಸ್ತೆಯಲ್ಲಿ ಬ್ರೆಡ್ ತುಂಬಿದ ಲಾರಿ ಓಡಿಸುತ್ತಿದ್ದ. "ಪ್ರಯಾಣಿಕರಿಗಿಂತ ಬ್ರೆಡ್ ವಾಸಿ, ಚಿಲ್ಲರೆ ಕೇಳಲ್ಲ" ಎಂದು ಬರೆದಿದ್ದ.

ಕೊನೆಗೆ ಕಂಪನಿಯಲ್ಲಿ ಉಳಿದದ್ದು ಚಪ್ಪಟೆ ಪಾದದ ಕಾರಣಕ್ಕೆ ವಿನಾಯಿತಿ ಪಡೆದಿದ್ದ ಒಬ್ಬನೇ ಮೆಕ್ಯಾನಿಕ್. ಒಂದು ಬೆಳಿಗ್ಗೆ ಅವನೂ ಬಂದು ಹತಾರದ ಚೀಲವನ್ನು ಆಕೆಯ ಮೇಜಿನ ಮೇಲಿಟ್ಟ.

"ಏನಪ್ಪಾ ಇದು?"

"ನನ್ನ ಪಾದ ಸರಿಹೋಯ್ತಂತೆ ಅಕ್ಕಾ. ಕಾಗದ ಬಂದಿದೆ. ಈ ಚೀಲ ಯಾರಿಗಾದ್ರೂ ಕೊಡಿ."

"ಯಾರಿಗೆ ಕೊಡ್ಲಿ?"

ಇಬ್ಬರೂ ಸುತ್ತ ಕಣ್ಣಾಡಿಸಿದರು. ಗಾಜಿನ ಕೋಣೆಯಲ್ಲಿ ಹೃದಯದ ಮಾತ್ರೆ ನುಂಗುತ್ತಿದ್ದ ಮ್ಯಾನೇಜರ್ ಒಬ್ಬರು ಕಂಡರು. ಇನ್ನುಳಿದಂತೆ ಕುರ್ಚಿಗಳು.

ಮುಂದಿನ ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಫೋನ್ ಬಂತು. ನದಿಯ ಪಕ್ಕದ ಹನ್ನೊಂದು ಮಹಡಿಯ ಕಟ್ಟಡದಲ್ಲಿ, ಒಂಬತ್ತನೇ ಮಹಡಿಯಲ್ಲಿ ಒಬ್ಬರೇ ಇದ್ದ ರಿಟೈರ್ಡ್ ಟೀಚರ್. ರೇಖಾಗಣಿತ ಕಲಿಸಿದವರು. ವಾರಕ್ಕೊಂದು ದೂರು ಅವರ ನೇಮ.

"ಹಲೋ ಅಕ್ಕ, ಈ ಸಲ ನಾನೇ ಒಳಗಿದ್ದೀನಿ. ಏಳು ಮತ್ತು ಎಂಟನೇ ಮಹಡಿ ನಡುವೆ."

ಹಲೋ ಅಕ್ಕ ಗಡಿಯಾರ ನೋಡಿದಳು. ಕರೆಂಟ್ ಉಳಿಸಬೇಕೆಂದು ಆಗ ಮನೆಗಳಿಗೆ ಹತ್ತರಿಂದ ನಾಲ್ಕರವರೆಗೆ ವಿದ್ಯುತ್ ಇರುತ್ತಿರಲಿಲ್ಲ. ಹತ್ತಾದರೆ ಒಳಗಿನ ದೀಪ, ಫ್ಯಾನು ಎರಡೂ ನಿಲ್ಲುತ್ತವೆ. ಎಂಬತ್ತರ ಹತ್ತಿರದ ಹೆಂಗಸು ಆರು ಗಂಟೆ ಕತ್ತಲಲ್ಲಿ ನಿಲ್ಲಬೇಕು. ಮ್ಯಾನೇಜರ್ ತಮ್ಮ ಎದೆ ಹಿಡಿದುಕೊಂಡು, "ಹನ್ನೊಂದು ಮಹಡಿ ನನ್ನ ಕೈಲಾಗಲ್ಲಮ್ಮ" ಎಂದರು. ಆಕೆ ಚೀಲವನ್ನು ಹೆಗಲಿಗೇರಿಸಿದಳು, ಮನೆಗೆ ಫೋನ್ ಹಚ್ಚಿದಳು.

ಮನೆಯಲ್ಲಿದ್ದವರು ಮಾವ, ಗಂಡನ ಅಪ್ಪ. ಇದೇ ಕಂಪನಿಯಲ್ಲಿ ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ವಯಸ್ಸು ಎಪ್ಪತ್ತಾರು. ತಲೆ ಚುರುಕು, ಮಂಡಿ ಮಾತ್ರ ಸಂಪೂರ್ಣ ಅಸಹಕಾರ.

"ಮೇಲಿನ ಮೆಷಿನ್ ರೂಮಿಗೆ ಹೋಗು. ಜೊತೆಗೆ ಇನ್ನೊಬ್ಬರನ್ನ ಕರ್ಕೋ. ಇದು ಇಬ್ಬರ ಕೆಲಸ," ಎಂದರು ಮಾವ.

ಆ ಕಟ್ಟಡದ ಮೆಟ್ಟಿಲು ಹತ್ತುತ್ತ ಬಾಗಿಲು ತಟ್ಟಿದಾಗ, ಎಂಟನೇ ಮಹಡಿಯಲ್ಲಿ ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದ ಗೃಹಿಣಿಯೊಬ್ಬಳು ಹಾಗೇ ಹಿಂಬಾಲಿಸಿದಳು. ಮೆಷಿನ್ ರೂಮಿನಲ್ಲಿ ಗ್ರೀಸಿನ ವಾಸನೆ, ನಡುವೆ ದೊಡ್ಡ ಮೋಟಾರು, ಅದರ ಪಕ್ಕ ಕೈಯಿಂದ ತಿರುಗಿಸುವ ಚಕ್ರ. ಹಲೋ ಅಕ್ಕ ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟಳು.

"ಮೊದಲು ದೊಡ್ಡ ಸ್ವಿಚ್ ಕೆಳಕ್ಕೆಳಿ. ಎಳೆದ್ಯಾ?"

"ಎಳೆದೆ ಮಾವ."

"ಭಯ ಆಗ್ತಿದ್ಯಾ?"

"ಹೂಂ."

"ಇರ್ಲಿ ಬಿಡು, ನಂಗೆ ನಲವತ್ತು ವರ್ಷವೂ ಭಯ ಇತ್ತು. ಈಗ ಆ ಹುಡುಗಿ ಬ್ರೇಕಿನ ಸನ್ನೆಗೋಲು ಎತ್ಲಿ, ನೀನು ಚಕ್ರ ಗಟ್ಟಿಯಾಗಿ ಹಿಡ್ಕೊಂಡು ಮೇಲಿನ ದಿಕ್ಕಿಗೆ ತಿರುಗ್ಸು. ಒಳಗೆ ಒಬ್ಬರೇ ಅಲ್ವಾ? ಆಚೆ ಕಡೆ ಕಟ್ಟಿರೋ ತೂಕ ಭಾರ. ಅದೇ ಎಳ್ಕೊಳ್ಳತ್ತೆ. ನೀನು ಎಳೀಬೇಡ, ತಡೀತಾ ಹೋಗು."

ಆ 'ಹುಡುಗಿ'ಗೆ ನಲವತ್ತಾರು ವರ್ಷ. ಅವಳು ಸನ್ನೆಗೋಲು ಎತ್ತಿದಳು. ಚಕ್ರ ಜೀವ ಬಂದಂತೆ ಅಂಗೈಯೊಳಗೆ ಮಿಸುಕಿತು. ಲಿಫ್ಟ್ ಮಹಡಿಗೆ ಸಮನಾಯಿತೆಂದು ತಿಳಿಯಲು ಉಕ್ಕಿನ ಹಗ್ಗದ ಮೇಲೆ ಬಳಿದಿದ್ದ ಹಳದಿ ಗುರುತು ನೆಲದ ಗೆರೆಗೆ ಸರಿಯಾಗಿ ಬಂದು ಕೂತಾಗ ಮಾವ ಹೇಳುವ ಮೊದಲೇ ಹಲೋ ಅಕ್ಕ "ನಿಲ್ಸು!" ಎಂದು ಕೂಗಿದಳು.

ಎಂಟನೇ ಮಹಡಿಗೆ ಓಡಿಬಂದು ಕೀಲಿ ಹಾಕಿ ಬಾಗಿಲು ಸರಿಸಿದಾಗ ಗಂಟೆ ಹತ್ತಾಗಲು ಇನ್ನು ಆರು ನಿಮಿಷ. ಟೀಚರ್ ಕೈಚೀಲ ಹಿಡಿದು ನೆಟ್ಟಗೆ ನಿಂತಿದ್ದರು. ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವಾ ಹಲೋ ಅಕ್ಕ? ದನಿ ಕೇಳಿ ಇನ್ನೂ ಎತ್ತರ ಇರಬೇಕು ಅಂದ್ಕೊಂಡಿದ್ದೆ."

ಅಂದು ಸಂಜೆ ಮನೆಗೆ ಬಂದು ಕನ್ನಡಿ ನೋಡಿಕೊಂಡಾಗ ಮೂಗಿನ ಮೇಲೆ ಗ್ರೀಸು. ತೊಳೆಯಲು ಮನಸ್ಸಾಗದೆ ಊಟ ಮುಗಿಯುವವರೆಗೂ ಹಾಗೇ ಇಟ್ಟುಕೊಂಡಳು. ಐವತ್ತರ ಹೊಸ್ತಿಲಲ್ಲಿ ತನಗೆ ಇಷ್ಟೊಂದು ಖುಷಿಯಾಗಬಹುದೆಂದು ಆಕೆ ಎಣಿಸಿರಲಿಲ್ಲ.

ಮರುದಿನದಿಂದ ಏರ್ಪಾಟು ತಲೆಕೆಳಗಾಯಿತು. ಸೊಸೆ ಮೆಟ್ಟಿಲು ಹತ್ತಿದಳು, ಮಾವ ಫೋನಿನ ಮುಂದೆ ಕೂತರು. ಮಾವನಿಗೆ ನಯವಿನಯ ಅಷ್ಟಕ್ಕಷ್ಟೇ. "ಲಿಫ್ಟ್ ಕೆಟ್ಟಿದ್ಯಾ? ಹತ್ತೊಂಬತ್ತು ಜನ ಒಟ್ಟಿಗೆ ಹತ್ತಿದ್ರೆ ಕೆಡದೆ ಏನಾಗತ್ತೆ?" ಎಂದು ರೇಗುತ್ತಿದ್ದರು. ಮೊದಲ ವಾರ ಜನ ಮುಖ ಸಿಂಡರಿಸಿದರು. ಎರಡನೇ ವಾರದಿಂದ ಬೈಸಿಕೊಳ್ಳಲಿಕ್ಕೆಂದೇ ಫೋನ್ ಮಾಡತೊಡಗಿದರು.

ಎಂಟನೇ ಮಹಡಿಯ ಗೃಹಿಣಿಯೂ ಕೆಲಸಕ್ಕೆ ಸೇರಿದಳು. ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆ ಈಗ ಫಿರಂಗಿಗೆ ಏನೋ ಮಾಡುತ್ತಿತ್ತು, ಹಾಗಾಗಿ ಹೊಸ ಸಾಮಾನೆಂಬುದು ಕನಸು. ಇಬ್ಬರು ಹೆಂಗಸರೂ ಸತ್ತ ಲಿಫ್ಟಿನಿಂದ ಬಿಚ್ಚಿ ಬದುಕಿದ ಲಿಫ್ಟಿಗೆ ಹಾಕುತ್ತ ಊರು ಸುತ್ತಿದರು. ಕಿವಿಯಿಂದ ಕಲಿತದ್ದು ಕೈಗಿಳಿಯಲು ಹಲೋ ಅಕ್ಕನಿಗೆ ಮೂರು ತಿಂಗಳು ಹಿಡಿಯಿತು. ಲಿಫ್ಟಿನೊಳಗೆ ನಿಲ್ಲುವ ಭಯ ಹೋಗಲು ಇನ್ನೂ ಒಂದು ತಿಂಗಳು.

ಅಷ್ಟರಲ್ಲಿ ಸರ್ಟಿಫಿಕೇಟ್ ಇಲ್ಲದವರು ಲಿಫ್ಟ್ ಮುಟ್ಟಕೂಡದೆಂದು ಯಾರೋ ಅರ್ಜಿ ಹಾಕಿದರು. ಪರೀಕ್ಷೆಗೆ ಸರ್ಕಾರದ ಇನ್‌ಸ್ಪೆಕ್ಟರ್ ಬಂದರು. ತೆಳ್ಳಗಿನ, ಸಂಕೋಚದ ಮುದುಕರು. ಕೈಯಲ್ಲಿ ನಾಲ್ಕು ಹಾಳೆಯ ಪ್ರಶ್ನೆಪತ್ರಿಕೆ.

"'ವೇಗ ಮಿತಿ ಮೀರಿದಾಗ ಯಾವ ಸಾಧನ ಕೆಲಸ ಮಾಡುತ್ತದೆ?'" ಎಂದು ಓದಿದರು.

ಹಲೋ ಅಕ್ಕ ವಿವರಿಸಿದಳು. ಅವರು ಬಾಯಿ ತೆರೆದು ಕೇಳಿದರು.

"ಸರಿನಾ ಸಾರ್?"

"ನಿಜ ಹೇಳ್ಲಾ ತಾಯಿ? ನಾನು ಪಿಟೀಲು ಮೇಷ್ಟ್ರು. ಈ ಇಲಾಖೆಯವರೆಲ್ಲ ಯುದ್ಧಕ್ಕೆ ಹೋದ್ರು ಅಂತ ನನ್ನನ್ನ ಕೂರ್ಸಿದ್ದಾರೆ. ನೀವು ಹೇಳಿದ್ದು ಕೇಳೋಕೆ ಸರಿಯಾಗಿದೆ."

ಆಕೆಗೆ ನಗು ತಡೆಯಲಾಗಲಿಲ್ಲ. ಆದರೂ ಮೇಷ್ಟ್ರನ್ನು ಹಾಗೇ ಕಳಿಸಲಿಲ್ಲ. ಮೆಷಿನ್ ರೂಮಿಗೆ ಕರೆದೊಯ್ದು ಒಂದೊಂದನ್ನೂ ತೋರಿಸಿದಳು. ಕಿವಿ ಚುರುಕಿದ್ದ ಮೇಷ್ಟ್ರು ಮೋಟಾರಿಗೆ ಕಿವಿಗೊಟ್ಟು, "ಎಡಗಡೆ ಏನೋ ಸ್ವಲ್ಪ ಅಪಸ್ವರ ಇದೆಯಲ್ಲ?" ಎಂದರು. ನೋಡಿದರೆ ಎಡಗಡೆಯ ಬೇರಿಂಗ್ ನಿಜಕ್ಕೂ ಸವೆದಿತ್ತು. ಸರ್ಟಿಫಿಕೇಟಿಗೆ ಸಹಿ ಬಿತ್ತು.

ಐದನೇ ವರ್ಷ ನಗುವುದಕ್ಕಾಗದ ಆದೇಶವೊಂದು ಬಂತು. ಊರಿನ ಅರ್ಧದಷ್ಟು ಲಿಫ್ಟ್‌ಗಳನ್ನು ನಿಲ್ಲಿಸಿ ಅವುಗಳ ಮೋಟಾರಿನ ತಾಮ್ರವನ್ನು ಸರ್ಕಾರಕ್ಕೆ ಕೊಡಬೇಕು, ಯಾವುದನ್ನು ನಿಲ್ಲಿಸಬೇಕೆಂದು ಕಂಪನಿಯೇ ಪಟ್ಟಿ ಮಾಡಬೇಕು. ಮ್ಯಾನೇಜರ್ ಆ ಕಾಗದವನ್ನು ಬಿಸಿ ಪಾತ್ರೆಯಂತೆ ಹಲೋ ಅಕ್ಕನ ಕೈಗೆ ದಾಟಿಸಿದರು. ಎರಡು ದಿನ ಆಕೆಗೆ ಅನ್ನ ಸೇರಲಿಲ್ಲ. ಒಂದೊಂದು ಕಟ್ಟಡದ ಹೆಸರು ಬರೆಯುವಾಗಲೂ ಅಲ್ಲಿನ ದನಿಗಳು ಕಿವಿಗೆ ಬರುತ್ತಿದ್ದವು. ಕೊನೆಗೆ ಒಂದೇ ಲೆಕ್ಕ ಇಟ್ಟುಕೊಂಡಳು: ಯಾವುದರ ಹಗ್ಗ ಹೆಚ್ಚು ಸವೆದಿದೆಯೋ ಅದು ನಿಲ್ಲಲಿ. ಹೊಸ ಹಗ್ಗವಂತೂ ಬರುವುದಿಲ್ಲ. ಹಾಗೆ ಬರೆದಾಗ ನದಿ ಪಕ್ಕದ ಕಟ್ಟಡವೂ ಪಟ್ಟಿಗೆ ಬಂತು.

ಟೀಚರಿಗೆ ಫೋನಿನಲ್ಲಿ ಹೇಳುವ ಧೈರ್ಯವಾಗದೆ ತಾನೇ ಒಂಬತ್ತನೇ ಮಹಡಿಗೆ ಹೋದಳು.

ಹಗ್ಗ ಸವೆದ ವಿಷಯ ಕೇಳಿ ಟೀಚರ್ ಕಿಟಕಿಯಾಚೆ ನದಿ ನೋಡಿದರು. "ಎಷ್ಟು ಎಳೆ ಕಿತ್ತಿದೆ?"

"ಒಂದೇ ಕಡೆ ಹದಿನೇಳು."

"ಹಾಗಾದ್ರೆ ಇನ್ನೇನು ಕೇಳ್ತೀಯ, ನಿಲ್ಸು," ಎಂದರು. ಆಮೇಲೆ, "ನಾನು ಇಳಿದ್ರೆ ಮತ್ತೆ ಹತ್ತಲ್ಲ ಕಣಮ್ಮ," ಎಂದರು. ಅವರು ಆಕೆಯನ್ನು ಏಕವಚನದಲ್ಲಿ ಮಾತನಾಡಿಸಿದ್ದು ಅದೇ ಮೊದಲು.

ಹಲೋ ಅಕ್ಕ ಇಳಿದುಬರುವಾಗ ನೆಲಮಹಡಿಯಲ್ಲಿ ಮೂರು ಮಕ್ಕಳ ಗಲಾಟೆ, ಅವರ ಅಮ್ಮನ ಕೂಗಾಟ. ಆಕೆ ಅಲ್ಲೇ ನಿಂತಳು. ಬಾಗಿಲು ತಟ್ಟಿದಳು. ಆ ತಾಯಿಯನ್ನು ಒಪ್ಪಿಸಲು ಅರ್ಧ ಗಂಟೆ ಸಾಕಾಯಿತು. ಮಕ್ಕಳಂತೂ ದಿನಾ ಒಂಬತ್ತು ಮಹಡಿ ಓಡುವ ಪಂದ್ಯಕ್ಕೆ ಆಗಲೇ ತಯಾರಾಗಿದ್ದರು. ಯುದ್ಧ ಮುಗಿಯುವವರೆಗೆ ಮನೆ ಅದಲುಬದಲು. ಟೀಚರ್ ಮೊದಲು ಒಲ್ಲೆನೆಂದರು, ಆಮೇಲೆ ಷರತ್ತು ಹಾಕಿದರು, ಕೊನೆಗೆ ಪುಸ್ತಕದ ಪೆಟ್ಟಿಗೆ ಕಟ್ಟಿದರು. ಹದಿನೈದು ದಿನ ಬಿಟ್ಟು ಆಕೆ ನೋಡಲು ಹೋದಾಗ, "ಮೇಲೆ ನದಿ ಕಾಣ್ತಿತ್ತು, ಇಲ್ಲಿ ಎಲ್ಲರ ಚಪ್ಪಲಿ ಕಾಣತ್ತೆ. ಯಾರು ಯಾರ ಮನೆಗೆ ಹೋಗ್ತಾರೆ ಅಂತ ಈಗ ನಂಗೆ ಪೂರಾ ಗೊತ್ತು," ಎಂದು ಕಣ್ಣು ಮಿಟುಕಿಸಿದರು.

ಈ ಉಪಾಯ ಮಾವನಿಗೆ ಬಹಳ ಹಿಡಿಸಿತು. ಅಂದಿನಿಂದ ಅವರು ಫೋನೆತ್ತಿದ ಕೂಡಲೇ ಕೇಳುತ್ತಿದ್ದದ್ದು, "ನಿಮ್ಮ ಮಂಡಿ ಹೇಗಿದೆ?" ಮಂಡಿ ಕೆಟ್ಟವರನ್ನೂ ಗಟ್ಟಿಯಿದ್ದವರನ್ನೂ ಹುಡುಕಿ ಜೋಡಿ ಕೂಡಿಸಿದರು. ಒಂದು ವರ್ಷದಲ್ಲಿ ಅರವತ್ತೆರಡು ಮನೆ ಮೇಲೆ ಕೆಳಗಾದವು. ಎರಡು ಮನೆಯವರು ಜಗಳವಾಡಿ ವಾಪಸಾದರು, ಒಂದು ಕಡೆ ಮದುವೆಯೇ ಗೊತ್ತಾಯಿತು.

ಆ ಚಳಿಗಾಲ ಗಂಡ ಎಂಟು ದಿನದ ರಜೆಗೆ ಬಂದ. ಗುಂಡಗಿದ್ದವನು ಒಣಗಿದ ಕಡ್ಡಿಯಾಗಿದ್ದ. ಯುದ್ಧದ ಬಗ್ಗೆ ಕೇಳಿದರೆ ಬ್ರೆಡ್ಡಿನ ಬಗ್ಗೆ ಹೇಳುತ್ತಿದ್ದ. ಮಲಗಿದರೆ ನಿದ್ದೆ ಬರುತ್ತಿರಲಿಲ್ಲ. ಬೀದಿಯಲ್ಲಿ ಗಾಡಿ ಹೋದರೂ ಎದ್ದು ಕೂರುತ್ತಿದ್ದ. ನಾಲ್ಕನೇ ದಿನ ಬೆಳಿಗ್ಗೆ, "ನೀನು ಅದೇನು ಮಾಡ್ತೀಯೋ ನೋಡ್ತೀನಿ, ನಡಿ" ಎಂದು ಹತಾರದ ಚೀಲವನ್ನು ತಾನೇ ಹೊತ್ತ.

ಕೆಲಸವಿದ್ದುದು ನಗರಸಭೆ ಕಟ್ಟಡದಲ್ಲಿ. ಅಲ್ಲಿ ಹಗಲೆಲ್ಲ ಕರೆಂಟ್ ಇರುತ್ತಿತ್ತು. ಆರನೇ ಮಹಡಿಗೆ ಗಂಡ ಏದುಸಿರು ಬಿಡತೊಡಗಿದ. "ಲಿಫ್ಟ್ ರಿಪೇರಿ ಮಾಡೋರಿಗೆ ಒಂದು ಲಿಫ್ಟ್ ಇಡಬಾರದಾ?" ಎಂದು ಗೊಣಗಿದ. ಮೆಷಿನ್ ರೂಮಿನಲ್ಲಿ ಬೆಚ್ಚಗಿತ್ತು. ಆಕೆ ಸ್ವಿಚ್ ಇಳಿಸಿ ಬ್ರೇಕಿನ ಕೆಲಸಕ್ಕೆ ಕೂತಳು. ಗಂಡ ಗೋಡೆಗೊರಗಿ, "ಆ ಸ್ಪ್ಯಾನರ್ ನಾನು ಕೊಡ್ತೀನಿ," ಎಂದ. ಎರಡನೇ ಸಲ ಕೈ ಚಾಚಿದಾಗ ಸ್ಪ್ಯಾನರ್ ಬರಲಿಲ್ಲ. ತಿರುಗಿ ನೋಡಿದರೆ ಬಾಯಿ ತೆರೆದು ಮಲಗಿಬಿಟ್ಟಿದ್ದ.

ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಆದರೆ ಸ್ವಿಚ್ ಮೇಲೆತ್ತಿದರೆ ಮೋಟಾರು ಗುಡುಗುತ್ತದೆ. ಆಕೆ ಸ್ವಿಚ್ಚಿನ ಮೇಲೆ ಕೈಯಿಟ್ಟಳು, ತೆಗೆದಳು. ಕೋಟು ಬಿಚ್ಚಿ ಅವನಿಗೆ ಹೊದಿಸಿ ಪಕ್ಕದಲ್ಲಿ ಕೂತಳು. ಕೆಳಗೆ ಮೆಟ್ಟಿಲಲ್ಲಿ ಅಧಿಕಾರಿಗಳು ಶಪಿಸುತ್ತ ಹತ್ತುವುದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಜೇಬಿನಲ್ಲಿ ಫೋನ್ ನಡುಗಿತು.

"ಏನಮ್ಮಾ, ನಗರಸಭೆಯಿಂದ ಫೋನ್ ಮೇಲೆ ಫೋನ್. ಇನ್ನೂ ಆಗ್ಲಿಲ್ವಾ?"

"ಆಗಿದೆ ಮಾವ," ಎಂದಳು ಪಿಸುದನಿಯಲ್ಲಿ. "ಇವರು ಇಲ್ಲೇ ಮಲಗಿಬಿಟ್ಟಿದ್ದಾರೆ."

ಮಾವನೂ ದನಿ ತಗ್ಗಿಸಿದರು. "ಭಾರಿ ದೊಡ್ಡ ರಿಪೇರಿ, ಮಧ್ಯಾಹ್ನ ಊಟದ ತನಕ ಆಗಲ್ಲ ಅಂತ ಹೇಳ್ತೀನಿ. ಮೇಯರೇ ಫೋನ್ ಮಾಡಿದ್ರೂ ಹಾಗೇ ಹೇಳ್ತೀನಿ."

ಅವನು ಮೂರು ಗಂಟೆ ಮಲಗಿದ. ಎದ್ದವನೇ ಹಸಿವೆಂದ. ಆಕೆ ಸ್ವಿಚ್ ಮೇಲೆತ್ತಿದಳು, ಇಬ್ಬರೂ ಲಿಫ್ಟಿನಲ್ಲೇ ಇಳಿದರು.

ಯುದ್ಧ ಅದರ ಮರುವರ್ಷ, ಯಾರೂ ಪೂರ್ತಿ ಗೆಲ್ಲದೆ ನಿಂತಿತು. ಗಂಡ ಒಂದು ಕಿವಿ ಮಂದವಾಗಿ, ಉಳಿದದ್ದೆಲ್ಲ ನೆಟ್ಟಗಿದ್ದು ಮರಳಿದ. ಮೆಕ್ಯಾನಿಕ್‌ಗಳಲ್ಲಿ ಆರು ಜನ ಬಂದರು; ಬಾರದ ಐವರ ಮನೆಗಳಿಗೆ ಆಕೆ ತಾನೇ ಹೋಗಿ ಕೂತು ಬಂದಳು. ಕಂಪನಿ ಆಕೆಯನ್ನು ಬಿಡಲಿಲ್ಲ, ಬಿಡುತ್ತೇವೆಂದರೂ ಆಕೆ ಹೋಗುತ್ತಿರಲಿಲ್ಲ. ನಿವೃತ್ತಳಾಗುವವರೆಗೆ, ಮುಂದಿನ ಒಂಬತ್ತು ವರ್ಷ, ಊರಿನ ಲಿಫ್ಟ್‌ಗಳೆಲ್ಲ ಆಕೆಯ ಉಸ್ತುವಾರಿಯಲ್ಲಿ ಏರಿದವು, ಇಳಿದವು.