ಆನೆಮರಿಗೆ ಮಾತು ಕೊಟ್ಟ ಅತ್ತೆ

ಪರದೆಯ ಮೇಲೆ ಆನೆಮರಿ ಬಾಯಿ ಆಡಿಸುತ್ತಿತ್ತು, ಸದ್ದೇ ಇಲ್ಲ. ತಿ. ನರಸೀಪುರದ ನಮ್ಮ ಮನೆಯ ಕಂಪ್ಯೂಟರ್ ಮುಂದೆ ಕೂತಿದ್ದ ಬೀದಿಯ ಮಕ್ಕಳೆಲ್ಲ ನನ್ನ ಮುಖ ನೋಡಿದರು. ಆ ಕಾರ್ಟೂನ್ ಸಿನಿಮಾದ ಎರಡನೇ ಭಾಗಕ್ಕೆ ಅವರು ಬೇಸಿಗೆ ರಜೆಯಿಡೀ ಕಾದಿದ್ದರು. ನನ್ನ ತಮ್ಮ ಮೈಸೂರಿನ ಸೈಬರ್ ಸೆಂಟರ್‌ನಲ್ಲಿ ಅದನ್ನು ಇಂಟರ್ನೆಟ್ಟಿನಿಂದ ಇಳಿಸಿ, ಸಿ.ಡಿ.ಗೆ ಹಾಕಿ ತಂದಿದ್ದ. ಚಿತ್ರ ಬಂದಿತ್ತು, ಧ್ವನಿ ಬಂದಿರಲಿಲ್ಲ.

ನಿಲ್ಲಿಸೋಣವೆಂದು ಕೈ ಚಾಚಿದೆ. ಅಷ್ಟರಲ್ಲಿ ಹಿಂದಿನಿಂದ ಗಟ್ಟಿ ದನಿಯೊಂದು ಕೇಳಿತು: "ಲೇ ಆನೇ, ಎತ್ಲಾಗ್ ಓಯ್ತಾ ಇದ್ದೀಯ್ಲಾ? ನಿಮ್ಮವ್ವ ಒಳೆ ತಾವ ಕಾಯ್ತಾ ಅವ್ಳೆ ಕಣ್ಲಾ!"

ನನ್ನ ಅತ್ತೆ! ಮಾವ ತೀರಿಕೊಂಡ ಮೇಲೆ ಊಟಕ್ಕೆ ಕರೆದರೂ ಅವರು ತಲೆಯಾಡಿಸುತ್ತಿದ್ದರೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಈಗ ಮಕ್ಕಳ ನಡುವೆ ಬಂದು ಕೂತು, ಆನೆಗೆ, ನರಿಗೆ, ಮೊಸಳೆಗೆ ತಮ್ಮ ತವರು ಬನ್ನೂರಿನ ಮಾತು ಕೊಡುತ್ತಾ ಹೋದರು. ಮಕ್ಕಳು ನಕ್ಕು ನಕ್ಕು ಉರುಳಾಡಿದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಆಮೇಲೆ ನನ್ನ ತಮ್ಮ, ಧ್ವನಿಯಿರುವ ಸಿ.ಡಿ.ಯನ್ನೂ ತಂದುಕೊಟ್ಟ. ಮಕ್ಕಳು ಸ್ವಲ್ಪ ಹೊತ್ತು ನೋಡಿ, "ಸೌಂಡ್ ಆಫ್ ಮಾಡಿ ಆಂಟಿ, ಅಜ್ಜಿನ ಕರೀರಿ" ಅಂದರು. ಕರೆಯುವ ಮೊದಲೇ ಅತ್ತೆ ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು.